ತಾನಾಗಿ ಕರಗಿದ ಗೆಡ್ಡೆ: ಶ್ರೇಯಸ್ಸು ಯಾರಿಗೆ?

ಔಷಧವಿಲ್ಲದೆ ರೋಗವು ವಾಸಿಯಾದಾಗ ಮನುಷ್ಯನ ಮನಸ್ಸು ಅದಕ್ಕೊಬ್ಬ ಕರ್ತೃವನ್ನು ಅರಸತೊಡಗುತ್ತದೆ. ವ್ರತ, ಪಥ್ಯ, ಹರಕೆ, ಪೂರ್ವಪುಣ್ಯ ಇವುಗಳಲ್ಲಿ ಯಾವುದಾದರೊಂದಕ್ಕೆ ಶ್ರೇಯಸ್ಸನ್ನು ಒಪ್ಪಿಸಿದ ಮೇಲೆಯೇ ಅದಕ್ಕೆ ಸಮಾಧಾನ. ಈ ಸಮಾಧಾನವು ಇನ್ನೊಬ್ಬ ರೋಗಿಗೆ ಉಪದೇಶವಾಗಿ ಪರಿಣಮಿಸಿದಾಗ ಅದು ಧರ್ಮವೇ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಚರ್ಮದ ಕ್ಯಾನ್ಸರುಗಳಲ್ಲಿ ಅತ್ಯಂತ ವಿರಳವೂ ಉಗ್ರವೂ ಆದ ಒಂದು ಬಗೆಗೆ ಮರ್ಕೆಲ್ ಜೀವಕೋಶದ ಕ್ಯಾನ್ಸರ್ ಎಂದು ಹೆಸರು. ಇದನ್ನು 1972ರಲ್ಲಿ ಸಿರಿಲ್ ಟೋಕರ್ ಎಂಬ ವೈದ್ಯರು ಮೊದಲು ವಿವರಿಸಿದರು. ಹೆಚ್ಚಾಗಿ ವಯೋವೃದ್ಧರಲ್ಲಿ, ಬಿಸಿಲು ತಾಗುವ ಮುಖ, ಕತ್ತು, ತೋಳುಗಳಲ್ಲಿ ನೋವಿಲ್ಲದ ಕೆಂಪು ಗಂಟಾಗಿ ಕಾಣಿಸಿಕೊಂಡು, ಬೇಗನೆ ಬೆಳೆದು ದುಗ್ಧಗ್ರಂಥಿಗಳಿಗೆ ಹರಡುತ್ತದೆ. ಹೀಗಿದ್ದೂ, ಇಂತಹ ಗೆಡ್ಡೆಯು ಚಿಕಿತ್ಸೆಯಿಲ್ಲದೆ ಕರಗಿಹೋದ ಸಂಗತಿ 1986ರಲ್ಲಿ ವೈದ್ಯಸಾಹಿತ್ಯದಲ್ಲಿ ದಾಖಲಾಯಿತು. ಆ ಬಳಿಕ ಅಂಥವೇ ಇನ್ನೂ ಕೆಲವು ಬೆಳಕಿಗೆ ಬಂದವು. ಅವುಗಳಲ್ಲಿ ಹಲವೆಡೆ, ಪರೀಕ್ಷೆಗಾಗಿ ಗೆಡ್ಡೆಯ ಸಣ್ಣ ಚೂರನ್ನು ತೆಗೆದ ಕೆಲವು ವಾರಗಳಲ್ಲಿಯೇ ಉಳಿದ ಭಾಗವು ಕುಗ್ಗಿತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೆಡ್ಡೆಯ ಸುತ್ತ ದೇಹದ ರಕ್ಷಕ ಬಿಳಿ ರಕ್ತಕಣಗಳು ನೆರೆದಿದ್ದವು. 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ತಾವು ಪರೀಕ್ಷಿಸಿದ ಹತ್ತು ಗೆಡ್ಡೆಗಳ ಪೈಕಿ ಎಂಟರಲ್ಲಿ ಒಂದು ಹೊಸ ವೈರಾಣುವನ್ನು ಕಂಡುಹಿಡಿದರು. ದೇಹವು ಅನ್ಯವೆಂದು ಗುರುತಿಸಬಲ್ಲ ಗುರುತೊಂದು ಆ ಗೆಡ್ಡೆಯಲ್ಲಿ ಇದ್ದೇ ಇತ್ತು. ಆದರೂ ಆ ಎಚ್ಚರ ಒಬ್ಬರಲ್ಲಿ ಮೂಡಿ ಬಹುಮಂದಿಯಲ್ಲಿ ಏಕೆ ಮೂಡದು ಎಂಬುದನ್ನು ವೈದ್ಯಶಾಸ್ತ್ರ ಇನ್ನೂ ಪೂರ್ಣವಾಗಿ ಬಿಡಿಸಿಲ್ಲ.

ಇಂತಹ ಗುಣವು ಎಷ್ಟು ವಿರಳವೆಂಬುದನ್ನು ಮರೆಯಲಾಗದು. ಎವರ್ಸನ್ ಮತ್ತು ಕೋಲ್ ಎಂಬ ಶಸ್ತ್ರವೈದ್ಯರು 1966ರ ತಮ್ಮ ಗ್ರಂಥದಲ್ಲಿ, ಹಲವು ದಶಕಗಳ ವರದಿಗಳನ್ನು ಸೋಸಿ, ಎಲ್ಲ ಬಗೆಯ ಕ್ಯಾನ್ಸರುಗಳಿಂದ ಆರಿಸಿದ್ದು ಕೇವಲ 176 ಪ್ರಕರಣಗಳನ್ನು.

ಗುಣಹೊಂದಿದವರು "ನಾನು ಯಾವ ಮದ್ದನ್ನೂ ಸೇವಿಸಲಿಲ್ಲ" ಎಂದರೆ ಅದು ಸುಳ್ಳಲ್ಲ. ಆದರೆ "ಆದುದರಿಂದ ನೀವೂ ಸೇವಿಸಬೇಡಿ" ಎಂಬ ಮಾತು ಅದರೊಡನೆ ಸೇರಿದಾಗ ಸತ್ಯವೇ ಆಯುಧವಾಗುತ್ತದೆ. ವೇಗವಾಗಿ ಹರಡುವ ರೋಗದಲ್ಲಿ ಕಾದು ಕಳೆದ ಪ್ರತಿಯೊಂದು ವಾರವೂ ಜೀವದ ಲೆಕ್ಕಕ್ಕೆ ಸೇರಿದ್ದು. ಪರರಿಗೆ ವಿಪತ್ತನ್ನು ತರುವಂಥದಾದರೆ ನಿಜವನ್ನೂ ನುಡಿಯಲಾಗದೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನ ಸತ್ಯವ್ರತಕ್ಕೆ ಮೇರೆಯನ್ನು ಹಾಕಿದೆ. ಇದರರ್ಥ ಸಂಗತಿಯನ್ನು ಮುಚ್ಚಿಡಬೇಕೆಂದಲ್ಲ. ಅರ್ಧ ಹೇಳಿ ನಿಲ್ಲಿಸಬಾರದೆಂದು. ಗೆಡ್ಡೆ ಕರಗಿತೆಂಬುದರೊಡನೆ, ಅದು ಎಷ್ಟು ಅಪರೂಪವೆಂಬುದನ್ನೂ, ಕರಗಿದ ಮೇಲೂ ವೈದ್ಯರ ನಿಗಾ ಅವಶ್ಯವೆಂಬುದನ್ನೂ ಹೇಳಿದಾಗಲೇ ಆ ಮಾತು ಅಹಿಂಸೆಯೊಡನೆ ಕೂಡಿದ ಸತ್ಯವಾಗುತ್ತದೆ.

ಇನ್ನೊಂದು ದೋಷವು ಇದಕ್ಕಿಂತಲೂ ಸೂಕ್ಷ್ಮವಾದುದು. ಗುಣವಾದುದನ್ನು ಪುಣ್ಯದ ಫಲವೆಂದು ಸಾರಿದೊಡನೆ, ಗುಣವಾಗದವರು ಪಾಪಿಗಳೆಂಬ ತೀರ್ಪು ಹೇಳದೆಯೇ ಹೊರಬೀಳುತ್ತದೆ. ಹಾಸಿಗೆ ಹಿಡಿದವರಿಗೂ, ಅವರ ಶುಶ್ರೂಷೆಯಲ್ಲಿ ನಿದ್ದೆಗೆಟ್ಟ ಮನೆಯವರಿಗೂ ಇದಕ್ಕಿಂತ ಕ್ರೂರವಾದ ಮಾತು ಬೇರೊಂದಿಲ್ಲ. ಕರ್ಮಸಿದ್ಧಾಂತವಿರುವುದು ತನ್ನ ನಡತೆಯನ್ನು ತಾನೇ ತಿದ್ದಿಕೊಳ್ಳುವುದಕ್ಕೆ, ನೆರೆಯವರ ರೋಗವನ್ನು ಅಳೆಯುವುದಕ್ಕಲ್ಲ.

ಇತ್ತ, ವಿವರಣೆಗೆ ನಿಲುಕದ ಸಂಗತಿಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವ ಪಂಡಿತನೂ ಏಕಾಂತವಾದಿಯೇ. ತಳ್ಳಿಹಾಕದೆ ತಾಳ್ಮೆಯಿಂದ ಗಮನಿಸಿದವರಿಗೆ, ದೇಹದ ರೋಗನಿರೋಧಕ ಶಕ್ತಿಯು ಈ ಗೆಡ್ಡೆಯನ್ನು ಗುರುತಿಸಬಲ್ಲದೆಂಬ ಸುಳಿವು ದೊರೆಯಿತು. ಅದೇ ಶಕ್ತಿಗೆ ಒಡ್ಡಿದ ತಡೆಯನ್ನು ಬಿಡಿಸುವ ಅವೆಲುಮ್ಯಾಬ್ ಎಂಬ ಔಷಧಕ್ಕೆ, ಹರಡಿದ ಮರ್ಕೆಲ್ ಕ್ಯಾನ್ಸರಿನ ಚಿಕಿತ್ಸೆಗಾಗಿ, 2017ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಎಲ್ಲರಿಗೂ ಅದು ಫಲಿಸದಿದ್ದರೂ, ಒಬ್ಬಿಬ್ಬರಲ್ಲಿ ಅಕಸ್ಮಾತ್ತಾಗಿ ನಡೆದುದನ್ನು ಅನೇಕರಿಗೆ ಒದಗಿಸುವ ಯತ್ನ ಅದು.

ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ಹಿರಿಯರು ದಾನಗಳಲ್ಲಿ ಎಣಿಸಿರುವಾಗ, ಔಷಧವನ್ನು ಸ್ವೀಕರಿಸುವುದು ಶ್ರದ್ಧೆಯ ಕೊರತೆಯಾಗಲಾರದು. ತಾನಾಗಿ ಬಂದ ಗುಣಕ್ಕೆ ಕೃತಜ್ಞತೆ ಸಾಕು, ಹಕ್ಕುದಾರಿಕೆ ಬೇಡ. ಆ ಕೃತಜ್ಞತೆಯು ಇನ್ನೊಬ್ಬ ರೋಗಿಯನ್ನು ಸಕಾಲದಲ್ಲಿ ವೈದ್ಯರ ಬಳಿಗೆ ಕರೆದೊಯ್ಯುವುದರಲ್ಲಿಯೂ, ಅವರ ಚಿಕಿತ್ಸೆಯ ವೆಚ್ಚಕ್ಕೆ ಕೈಜೋಡಿಸುವುದರಲ್ಲಿಯೂ ವ್ಯಕ್ತವಾದರೆ ಸಾರ್ಥಕ.