ಸೋದರಮಾವ ಮತ್ತು ವಾಲಗ

ಕಬ್ಬು ಅರೆಯುವ ಕಾಲದಲ್ಲಿ ಭಾರತೀನಗರದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಗಾಡಿಗಳ ಸಾಲು. ನನ್ನ ಸೋದರಮಾವನಿಗೆ ಅಲ್ಲಿನ ಟ್ರ್ಯಾಕ್ಟರುಗಳ ನಂಬರು ಬಾಯಿಪಾಠ. ಆದರೆ ಅವನು ಎದುರಿನವರ ಮುಖ ನೋಡಿ ಮಾತಾಡುವುದಿಲ್ಲ, ಮದುವೆಮನೆಯೊಳಗೆ ಕಾಲಿಡುವುದಿಲ್ಲ. ಅಕ್ಕನ ಮದುವೆಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಿದ್ದವನು ಛತ್ರದ ಹೊರಗೇ ನಿಂತಿದ್ದ. "ಅವ್ನು ಇರೋದೇ ಹಂಗೆ, ಬುಡಿ" ಎಂದಿತು ಊರು.

ಈ ಮಾತನ್ನು ನಾನು ಬಹುಕಾಲ ಮೆಚ್ಚಿಕೊಂಡಿದ್ದೆ. ವೈದ್ಯರ ಚೀಟಿ ಕೇಳದೆ ಜಾಗ ಕೊಡುವ ಮಾತು ಅದು. ಆಟಿಸಂ ಬಗ್ಗೆ ಲಿಯೋ ಕ್ಯಾನರ್ 1943ರಲ್ಲಿ ಬರೆದ ಪ್ರಬಂಧದ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಫಾರೆಸ್ಟ್ ಎಂಬ ಸಣ್ಣ ಊರಿನ ಅವರು ಅಲ್ಲಿಯ ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಸ್ಥಿತಿವಂತ ಮನೆತನವೂ ಪರಿಚಿತ ಊರೂ ಅವರನ್ನು ಕಾಪಾಡಿದವು.

ಮಾವನಿಗೆ ಆಟಿಸಂ ಎಂದು ಗೊತ್ತಾದದ್ದು ಐವತ್ತರ ಹತ್ತಿರ, ನಿದ್ದೆ ಕೆಟ್ಟು ಊಟ ಬಿಟ್ಟಾಗ. ಆಪ್ತಸಮಾಲೋಚಕಿ ಕೇಳಿದರು: "ಮದುವೆಮನೇಲಿ ನಿಮಗೆ ಏನಾಗುತ್ತೆ?" ಬಹಳ ಹೊತ್ತು ಸುಮ್ಮನಿದ್ದು ಮಾವ ಹೇಳಿದ: "ವಾಲಗದ ಸದ್ದು ಮೈಮೇಲೆ ಬಿದ್ದಂಗಾಯ್ತದೆ. ಮಗಿನ ಕೈ ಹಿಡ್ಕಂಡು ಕರ್ಕಬರ್ಬೇಕು ಅಂತ ನಂಗೂ ಆಸೆ ಇತ್ತು."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವನನ್ನು ಸಹಿಸಿಕೊಂಡಿದ್ದೆವು, ಒಂದು ಸಲವೂ ಕೇಳಿರಲಿಲ್ಲ.

ಹಾಗಾದರೆ ಚಿಕಿತ್ಸೆ ಯಾತಕ್ಕೆ? ವಾಲಗ ತಡೆದುಕೊಳ್ಳುವುದನ್ನು, ಮುಖ ನೋಡುವುದನ್ನು ಅವನಿಗೆ ಕಲಿಸಲಿಕ್ಕೋ? ಹಾಗಿದ್ದರೆ ಅದು ನಮ್ಮ ಸುಖಕ್ಕೆ ಅವನನ್ನು ತಿದ್ದಿದಂತೆ. ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದು ಇಷ್ಟೇ: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು. ಅವರಿಗೆ ನಾವು ತಿಳಿಯದಷ್ಟೇ ನಮಗೆ ಅವರೂ ತಿಳಿಯರು.

ನಮ್ಮ ವ್ಯವಸ್ಥೆ ಇನ್ನೂ ಇಷ್ಟು ದೂರ ಬಂದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಆದರೆ ನಾನು ಕಂಡ ಥೆರಪಿ ಕೇಂದ್ರಗಳ ಬೋರ್ಡಿನಲ್ಲೆಲ್ಲ ಮಕ್ಕಳ ಚಿತ್ರವೇ. ಆ ಮಕ್ಕಳು ಬೆಳೆಯುವುದೇ ಇಲ್ಲವೇನೋ ಎಂಬಂತೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಸಿಗುತ್ತದೆ. ಎಷ್ಟೋ ಜನಕ್ಕೆ ಆಸರೆ. ಫೋನಿನ ದನಿ ಕೇಳಿದರೇ ಕಂಗಾಲಾಗುವ ಮಾವನಂಥವರಿಗೆ ಎದುರು ಕೂತು, ಮೌನಕ್ಕೂ ಸಮಯ ಕೊಡುವವರು ಬೇಕು.

ತಂಗಿಯ ಮದುವೆಗೆ ನಾವು ವಾಲಗದವರಿಗೆ ಹೇಳಿದೆವು: ಹೆಣ್ಣು ಮಂಟಪಕ್ಕೆ ಬರುವಷ್ಟು ಹೊತ್ತು ನಿಲ್ಲಿಸಿ. "ವಾಲಗ ಇಲ್ದೆ ಹೆಣ್ಣ ಕರ್ಕಬರದಾ?" ಎಂದು ದೊಡ್ಡಮ್ಮ ಮುನಿಸಿಕೊಂಡರು. ಅವರ ನೋವೂ ಸುಳ್ಳಲ್ಲ; ಶಾಸ್ತ್ರಕ್ಕೂ ಒಂದು ಬೆಲೆಯಿದೆ. ಒಬ್ಬನಿಗಾಗಿ ಇಡೀ ಮದುವೆಮನೆ ಎಷ್ಟು ಬದಲಾಗಬೇಕು? ಅಳತೆ ನನಗೂ ಗೊತ್ತಿಲ್ಲ. ಅವತ್ತಿಗೆ ಎರಡು ನಿಮಿಷ ಸಾಕಾಯಿತು.

ಮಾವ ಯಾರನ್ನೂ ನೋಡದೆ, ತಂಗಿಯ ಕೈ ಹಿಡಿದು ಕರೆತಂದ. ಮತ್ತೆ ವಾಲಗ ಶುರುವಾಗುವ ಮೊದಲೇ ಹೊರಗೆ ಹೋದ. ಯಾರೂ ತಡೆಯಲಿಲ್ಲ.