ಹಿಂಬಾಗಿಲಿನಿಂದ ಬಂದ ಕಟ್ಟುಕತೆ

ಫ್ಯಾಂಟಸಿ ಅಂದರೆ ಹೊಟ್ಟೆ ತುಂಬಿದವರ ಹಗಲುಗನಸು ಅಂತ ನಮ್ಮ ಗೆಳೆಯರಲ್ಲಿ ಒಂದು ತೀರ್ಮಾನವಿದೆ. ಏಳು ಸಮುದ್ರ, ಮಾಯದ ಕುದುರೆ, ಇವೆಲ್ಲ ಉಪವಾಸ ಇದ್ದವನಿಗೆ ಯಾಕೆ? ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಬರೆದದ್ದನ್ನು ಓದಿದರೆ ಈ ತೀರ್ಮಾನ ಸಾಲದು ಅನ್ನಿಸುತ್ತದೆ.

ಈಕೆ ಹುಟ್ಟಿದ್ದು 1947ರಲ್ಲಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಅಪ್ಪ ಬೂಟ್ ಪಾಲಿಶ್ ಮಾಡುತ್ತಿದ್ದವನು, ಮಗಳು ಚಿಕ್ಕವಳಿದ್ದಾಗಲೇ ಸತ್ತ. ಅಮ್ಮ ಬಿಳಿಯರ ಮನೆಗಳಲ್ಲಿ ಕೆಲಸದಾಕೆ. ಹಿಂಬಾಗಿಲಿನಿಂದ ಒಳಹೋಗಬೇಕು. ಎದುರಿಗೇ ಆಡಿಕೊಂಡರೂ ಕೇಳಿಸದವಳಂತೆ ಇರಬೇಕು. ಮಗಳು ಇದನ್ನು ಕಣ್ಣಾರೆ ಕಂಡು ಅಮ್ಮನ ಮೇಲೇ ಸಿಟ್ಟಾದಳು. ಅದೇ ಅಮ್ಮ ಆ ಮನೆಯವರು ಎಸೆದ ಪುಸ್ತಕಗಳನ್ನು ಮಗಳಿಗೆ ಹೊತ್ತು ತರುತ್ತಿದ್ದಳು. ಹತ್ತು ವರ್ಷದ ಹುಡುಗಿಗೆ ಟೈಪ್‌ರೈಟರ್ ಕೊಡಿಸಿದ್ದೂ ಆ ಹಿಂಬಾಗಿಲಿನ ದುಡ್ಡಿನಿಂದಲೇ.

ಮುಂದೆ ಕಪ್ಪು ಜನರ ಹೋರಾಟ ಕಾವೇರಿದ್ದ ದಿನಗಳಲ್ಲಿ ಓರಗೆಯ ಹುಡುಗನೊಬ್ಬ ಕಾಲೇಜಿನಲ್ಲಿ ಆಡಿದ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನಮ್ಮನ್ನು ಇಷ್ಟು ಕಾಲ ಹಿಂದಕ್ಕೆಳೆದ ಮುದುಕರನ್ನೆಲ್ಲ ಕೊಲ್ಲಬೇಕು ಅನ್ನಿಸುತ್ತೆ, ಆದರೆ ಹೆತ್ತವರಿಂದಲೇ ಶುರು ಮಾಡಬೇಕಾಗುತ್ತಲ್ಲ, ಅಂದನಂತೆ. ಅವನಿಗೆ ಇತಿಹಾಸ ಚೆನ್ನಾಗಿ ಗೊತ್ತಿತ್ತು, ಆದರೆ ಅದು ಮೈಗೆ ಇಳಿದಿರಲಿಲ್ಲ. ಆ ಕಾಲದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರಿನಿಂದಲೇ 1972ರಲ್ಲಿ ಮುಂಬೈಯ ಹುಡುಗರು ದಲಿತ ಪ್ಯಾಂಥರ್ ಕಟ್ಟಿದ್ದು. ಈ ಸಿಟ್ಟೂ ನಮಗೆ ಹೊಸದೇನಲ್ಲ. ‘ನಮ್ಮಪ್ಪ ಗೌಡರ ಮುಂದೆ ಯಾಕೆ ಕೈಕಟ್ಟಿ ನಿಂತ?’ ಅಂತ ಕೇಳಿಕೊಳ್ಳದ ಹಾಸ್ಟೆಲ್ ಹುಡುಗ ಯಾರಿದ್ದಾನೆ?

ನಾವು ಬಾಳಿ ನೋಡದ ಕಾಲದವರ ಮೇಲೆ ತೀರ್ಪು ಕೊಡುವ ಹಕ್ಕು ನಮಗಿದೆಯಾ? ಬಟ್ಲರ್ ಇದಕ್ಕೆ ಭಾಷಣ ಬರೆಯಲಿಲ್ಲ. ಈಗಿನವರೊಬ್ಬರನ್ನು ಹಿಡಿದು ಆ ಕಾಲಕ್ಕೇ ಎಸೆದಳು. 1979ರ ‘ಕಿಂಡ್ರೆಡ್’ ಕಾದಂಬರಿಯಲ್ಲಿ, 1976ರ ಕ್ಯಾಲಿಫೋರ್ನಿಯಾದಲ್ಲಿದ್ದ ಡೇನಾ ಎಂಬ ಕಪ್ಪು ಹೆಂಗಸು ಇದ್ದಕ್ಕಿದ್ದಂತೆ ಗುಲಾಮಗಿರಿಯ ಮೇರಿಲ್ಯಾಂಡ್‌ಗೆ ಹೋಗಿ ಬೀಳುತ್ತಾಳೆ. ಯಂತ್ರವಿಲ್ಲ, ಮಂತ್ರವಿಲ್ಲ. ಮೊದಲು ಗಂಡಸನ್ನೇ ಕಳಿಸುವ ಯೋಚನೆ ಇತ್ತಂತೆ. ತಲೆಯೆತ್ತಿ ಮಾತಾಡುವ ಕಪ್ಪು ಗಂಡಸು ಅಲ್ಲಿ ನಾಲ್ಕು ದಿನ ಉಳಿಯಲಾರ ಅಂತ ಗೊತ್ತಾಗಿ ಹೆಂಗಸನ್ನು ಕಳಿಸಿದಳು.

ಅಲ್ಲಿನ ಅಡಿಗೆಮನೆಯಲ್ಲಿ ಸಾರಾ ಇದ್ದಾಳೆ. ಅವಳ ಮೂರು ಮಕ್ಕಳನ್ನು ಧಣಿ ಮಾರಿಬಿಟ್ಟಿದ್ದಾನೆ, ಉಳಿದಿರುವುದು ಮಾತು ಬಾರದ ಒಬ್ಬಳು ಮಗಳು. ಅವಳೂ ಹೋದಾಳೆಂಬ ಭಯಕ್ಕೆ ಸಾರಾ ಬಾಯಿ ಮುಚ್ಚಿಕೊಂಡು ಬೇಯಿಸಿ ಹಾಕುತ್ತಾಳೆ. ಇವಳನ್ನು ಹೇಡಿ ಅನ್ನಿ ನೋಡೋಣ.

ಸ್ಫೂರ್ತಿ ಬರಲಿ ಅಂತ ಕಾಯುವ ನಮ್ಮ ಕವಿಗಳಿಗೆ ಒಂದು ಮಾತು. ಸ್ಫೂರ್ತಿಗಿಂತ ಅಭ್ಯಾಸವೇ ನಂಬಿಕಸ್ತ ಅನ್ನುತ್ತಿದ್ದವಳು ಈಕೆ. ಪಾತ್ರೆ ತೊಳೆದಳು, ಚಿಪ್ಸ್ ಕಾರ್ಖಾನೆಯಲ್ಲಿ ದುಡಿದಳು, ಫೋನಿನಲ್ಲಿ ಸಾಮಾನು ಮಾರಿದಳು, ರಾತ್ರಿ ಎರಡು ಗಂಟೆಗೆ ಎದ್ದು ಬರೆದಳು. ಡೇನಾ ಕೂಡ ಅಂಥ ಕೂಲಿಯವಳೇ. ಕೆಲಸಕ್ಕೆ ಕಳಿಸುವ ಕಚೇರಿಗೆ ಕಾದಂಬರಿಯಲ್ಲಿರುವ ಅಡ್ಡಹೆಸರು ‘ಗುಲಾಮರ ಸಂತೆ’. ಬರೆಯುವ ಮೊದಲು ಬಟ್ಲರ್ ಬಸ್ಸು ಹತ್ತಿ ದೇಶದ ಆ ತುದಿಗೆ ಹೋಗಿ ನೆಲ ನೋಡಿ ಬಂದಳು. ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವೆರ್ನನ್ ಮನೆ ತೋರಿಸುವವರ ಬಾಯಲ್ಲಿ ಆಗ ‘ಗುಲಾಮ’ ಅನ್ನುವ ಪದವೇ ಇರಲಿಲ್ಲ, ‘ಆಳುಗಳು’ ಅಂತೆ! ಗುಲಾಮರೇ ಬರೆದಿಟ್ಟ ಆತ್ಮಕತೆಗಳನ್ನು ಓದಿದ ಮೇಲೆ, ಇದ್ದದ್ದನ್ನು ಇದ್ದಂತೆ ಬರೆದರೆ ಯಾರೂ ಓದಲಾರರು ಅಂತ ತಗ್ಗಿಸಿ ಬರೆದಳು. ಇಲ್ಲಿ ನನ್ನದೊಂದು ತಕರಾರಿದೆ. ಓದುವವನ ಹೊಟ್ಟೆ ತೊಳಸದಿರಲಿ ಅಂತ ಕೈಬಿಟ್ಟದ್ದು ಯಾರ ಪಾಲಿನ ನೋವು?

ಹಾಗಂತ ಈ ಕತೆ ಸಹನೆಯ ಪೂಜೆ ಅಲ್ಲ. ಡೇನಾಳ ವಂಶದ ಹಿರಿಯಜ್ಜಿ ಹುಟ್ಟಬೇಕಾದರೆ ಧಣಿಯ ಮಗ ರೂಫಸ್ ಆಲಿಸ್ ಎಂಬ ಗುಲಾಮ ಹೆಂಗಸನ್ನು ಕೂಡಬೇಕು. ಆಲಿಸ್‌ಗೆ ಮನಸ್ಸಿಲ್ಲ. ಒಪ್ಪದಿದ್ದರೆ ಹೊಡೆತ. ಈ ಮಾತು ಮುಟ್ಟಿಸಲು ರೂಫಸ್ ಕಳಿಸುವುದು ಡೇನಾಳನ್ನೇ. ಓದಿದವಳು, ನಮ್ಮ ಕಾಲದವಳು, ಡೇನಾ ಹೋಗಿ ಹೇಳುತ್ತಾಳೆ.

ಕೊನೆಗೆ ರೂಫಸ್ ತನ್ನ ಮೇಲೂ ಕೈ ಹಾಕಿದಾಗ ಆಕೆ ಚಾಕು ಎತ್ತುತ್ತಾಳೆ. ಅವನು ಸಾಯುತ್ತಾನೆ. ಅವನು ಹಿಡಿದಿದ್ದ ತೋಳು ಕ್ಯಾಲಿಫೋರ್ನಿಯಾದ ಮನೆಯ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಕಾಲಕ್ಕೆ ಡೇನಾ ವಾಪಸು ಬರುವುದು ಒಂದೇ ಕೈಯಲ್ಲಿ.