ಹೊಸ ಕಪಾಟು, ಹಳೆಯ ಫ್ರಿಜ್

ಅಡುಗೆಮನೆಗೆ ಹೊಸ ಕಪಾಟುಗಳು ಬಂದೊಡನೆ, 14 ವರ್ಷ ದೋಷವಿಲ್ಲದೆ ದುಡಿದ ಫ್ರಿಜ್ ಮನೆಯವರಿಗೆ ಕುರೂಪವಾಗಿ ಕಂಡಿತು. ಬದಲಿಸುವ ಮಾತೂ ಬಂದಿತು. ಕೆಟ್ಟದ್ದು ಯಂತ್ರವೋ, ನಮ್ಮ ದೃಷ್ಟಿಯೋ? ಮಮತ್ವವೇ ಪರಿಗ್ರಹವೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ.

ಕೊನೆಗೆ ಬಾಗಿಲಿಗೆ ಮಾತ್ರ ಕಪಾಟಿನ ಬಣ್ಣದ ತೆಳುವಾದ ಸನ್‌ಮೈಕಾ ಅಂಟಿಸಿದೆವು. ದಪ್ಪ ಹಲಗೆಯಾದರೆ ಭಾರಕ್ಕೆ ಕೀಲು ಜಗ್ಗಿ, ರಬ್ಬರು ಕೂಡದೆ ತಂಪು ಸೋರೀತು. ಸುತ್ತಲೂ ಮುಚ್ಚಹೊರಟ ಬಡಗಿಯನ್ನು ತಡೆದೆ. ಶಾಖ ಹೊರಹೋಗಲು ಗಾಳಿಯಾಡದಿದ್ದರೆ ವಿದ್ಯುತ್ತು ವ್ಯರ್ಥ, ಯಂತ್ರದ ಆಯುಷ್ಯವೂ ಕ್ಷೀಣ.

ಇದೂ ಅಲಂಕಾರದ ಆಸೆಯೇ ಅಲ್ಲವೆ? ಹೌದು. ಗೃಹಸ್ಥನಿಗೆ ಪೂರ್ಣ ತ್ಯಾಗ ಕಠಿಣ, ಪರಿಮಿತಿ ಸಾಧ್ಯ. ಆದುದರಿಂದ ಕಪಾಟು ಮಾಡಿಸುವವರು ಮನೆಯಲ್ಲಿರುವ ಯಂತ್ರದ ಅಳತೆ, ಬಣ್ಣಗಳನ್ನು ಮೊದಲೇ ನೋಡಿಕೊಳ್ಳಲಿ. ಪರಿಮಿತಿಯು ಅಲ್ಲಿಂದಲೇ ಆರಂಭವಾಗಬೇಕು.